ಫ್ರೇಮ್ ಅಂಗಡಿಯದು, ಪಾರ್ಟ್ಸ್ ಆನ್‌ಲೈನ್‌ದು: ನನ್ನ ಎಂಟಿಬಿ (ಮೌಂಟನ್ ಬೈಕ್) ಕಟ್ಟಿದ ಅನುಭವ

"ಬಿಡಿ ಪಾರ್ಟ್ಸ್ ತಂದು ಸೈಕಲ್ ಕಟ್ಟಿದರೆ ಡಬಲ್ ಖರ್ಚು ಗುರು, ಸುಮ್ನೆ ರೆಡಿ ಸೈಕಲ್ ತಗೋ." ನಮ್ಮ ಭಾನುವಾರದ ಗ್ಯಾಂಗಿನಲ್ಲಿ ಎಲ್ಲರದ್ದೂ ಇದೇ ಮಾತಾಗಿತ್ತು. ನನ್ನದು ಎಲ್ಲ ಸೇರಿ ಸುಮಾರು 70 ಸಾವಿರಕ್ಕೆ ಮುಗಿಯಿತು. ಅದೇ ಮಟ್ಟದ ಏರ್ ಫೋರ್ಕ್ (ಗಾಳಿಯ ಮುಂದಿನ ಸಸ್ಪೆನ್ಷನ್), ಶಿಮಾನೋ ಕಂಪನಿಯ ಡಿಯೋರ್ ಗೇರ್ ಇರುವ ಹಾರ್ಡ್‌ಟೇಲ್‌ಗೆ (ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಎಂಟಿಬಿ) ಆಗ ಅಂಗಡಿಗಳಲ್ಲಿ 95 ಸಾವಿರದಿಂದ ಶುರು, ಒಂದು ಲಕ್ಷ ದಾಟಿದ್ದೂ ಇತ್ತು. ಎರಡು ಮಳೆಗಾಲ ಬೆಂಗಳೂರಿನ ಸುತ್ತಲಿನ ಆವಲಹಳ್ಳಿಯ ನೀಲಗಿರಿ ತೋಪು, ತುರಹಳ್ಳಿಯ ಬಂಡೆ, ರಾಮನಗರದ ಕಡೆಯ ಕಲ್ಲುದಾರಿ ಎಲ್ಲ ತುಳಿದದ್ದಾಯಿತು. ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಜಾಗದ ಬೇರಿಂಗ್) ಒಂದು ಚೂರೂ ಅಲುಗಾಡಿಲ್ಲ. ಹಾಗಾಗಿ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ. ಗೇರ್ ಟ್ಯೂನ್ ಮಾಡೋದು, ಬ್ರೇಕ್ ಬ್ಲೀಡ್ ಮಾಡೋದು ನಿಮಗೆ ಬರುತ್ತದೆ ಅಂದುಕೊಂಡಿದ್ದೇನೆ. ಅದನ್ನೆಲ್ಲ ಇಲ್ಲಿ ವಿವರಿಸಲ್ಲ.

ಇದಕ್ಕೂ ಮೊದಲು ಎರಡೂ ದಾರಿ ನೋಡಿದ್ದೆ. ಒಂದು ಸಲ ಪೂರ್ತಿ ಆನ್‌ಲೈನ್. 18 ಸಾವಿರದ ಹತ್ತಿರ ಕೊಟ್ಟು ತರಿಸಿದ ಗೇರ್ ಸೈಕಲ್. "85 ಪರ್ಸೆಂಟ್ ಅಸೆಂಬಲ್ಡ್" ಅಂತ ಡಬ್ಬದ ಮೇಲೆ ಇತ್ತು. ಡಬ್ಬ ಬಿಚ್ಚಿದಾಗ ಮುಂದಿನ ಡಿಸ್ಕ್ ಬೆಂಡ್, ಹಿಂದಿನ ಹ್ಯಾಂಗರ್ (ಗೇರ್ ಬದಲಿಸುವ ಡಿರೇಲರ್ ಅನ್ನು ಫ್ರೇಮಿಗೆ ಹಿಡಿಯುವ ತುಂಡು) ಒಳಗೆ ಬಾಗಿತ್ತು. ಹ್ಯಾಂಗರ್ ಬೇಕು ಅಂತ ಕೇಳಿದರೆ ಮಾರಿದವರ ಬಳಿ ಆ ಪಾರ್ಟೇ ಇಲ್ಲ. ಕೈಯಲ್ಲೇ ನೇರ ಮಾಡಿಸಿ ಓಡಿಸಿದೆ. ಅದರ ಹಿಂದಿನ ಹಬ್ (ಚಕ್ರದ ನಡುವಿನ ಭಾಗ) ಫ್ರೀವೀಲ್, ಅಂದರೆ ಹಲ್ಲುಚಕ್ರಗಳ ಗುಚ್ಛ, ತಿರುಗಿಸಿ ಕೂರಿಸುವ ಹಳೆ ಮಾದರಿಯದು. ಬೇರಿಂಗ್ ಒಳಗಡೆ ಕೂತಿರುತ್ತದೆ, ಗೇರ್ ಕಡೆ ಆಕ್ಸಲ್‌ಗೆ ಆಧಾರ ಕಮ್ಮಿ. ಆವಲಹಳ್ಳಿಯಲ್ಲಿ ಒಂದೂವರೆ ಅಡಿ ಇಳಿತ ಹಾರಿಸಿದ ಮೇಲೆ ಆಕ್ಸಲ್ ಬಾಗಿತು. ಬದಲಾಯಿಸಿದೆ, ಮತ್ತೆ ಬಾಗಿತು. ಆ ಸೈಕಲ್ ಈಗ ನಮ್ಮ ಅಣ್ಣನ ಮಗ ಕಾಲೇಜಿಗೆ ತಗೊಂಡು ಹೋಗುತ್ತಾನೆ. ರೋಡಿಗೆ ಏನೂ ತೊಂದರೆ ಇಲ್ಲ.

ಆಮೇಲೆ ಪೂರ್ತಿ ಅಂಗಡಿ ನಂಬಿದೆ. ಒಂದು ದೊಡ್ಡ ಅಂಗಡಿಯಲ್ಲಿ ಫೋರ್ಕ್ ಆರ್ಡರ್ ಕೊಟ್ಟು ಅಡ್ವಾನ್ಸ್ ಕಟ್ಟಿದೆ. ಎರಡು ವಾರ ಅಂದರು. ಎರಡು ತಿಂಗಳಾದರೂ "ನಾಳೆ ಬರುತ್ತೆ ಸರ್" ಅಷ್ಟೇ. ಬೆಲೆಯೂ ಎಂಆರ್‌ಪಿ, ಒಂದು ರೂಪಾಯಿ ಬಿಡಲ್ಲ. ಅಡ್ವಾನ್ಸ್ ವಾಪಸ್ ಇಸಿದುಕೊಳ್ಳಲು ನಾಲ್ಕು ಸಲ ಅಲೆಯಬೇಕಾಯಿತು.

ಹೊರಗಿಂದ ತರಿಸುವ ದಾರಿ ಹಳಬರಿಗೆ ಗೊತ್ತು. ಬ್ರಿಟನ್ನಿನ ಚೈನ್ ರಿಯಾಕ್ಷನ್ ಅನ್ನುವ ಆನ್‌ಲೈನ್ ಅಂಗಡಿಯಿಂದ ಬೆಂಗಳೂರಿನ ಎಷ್ಟೋ ಜನ ಪಾರ್ಟ್ಸ್ ತರಿಸಿದ್ದಾರೆ. 2023ರ ಕೊನೆಗೆ ಆ ಕಂಪನಿಯೇ ದಿವಾಳಿ ಪ್ರಕ್ರಿಯೆಗೆ ಹೋಯಿತು. ಬೇರೆ ಕಡೆಯಿಂದ ತರಿಸಿದರೂ ಕಸ್ಟಮ್ಸ್ ಸೇರಿಸಿ ಲೆಕ್ಕ ಹಾಕಿದರೆ ಉಳಿತಾಯ ಏನೂ ಇಲ್ಲ. ಆ ಆಸೆ ಬಿಟ್ಟೆ.

ಹೀಗೆ ನನ್ನ ದಾರಿ ಗಟ್ಟಿಯಾಯಿತು. ಮೈಗೆ ಹೊಂದಬೇಕಾದದ್ದು, ವಾರಂಟಿ ಬೇಕಾದದ್ದು ಅಂಗಡಿಯಿಂದ. ತಿರುಗುವ, ಸವೆಯುವ ಪಾರ್ಟ್ಸ್ ಆನ್‌ಲೈನ್ ಸೇಲ್‌ನಿಂದ. ನಡುವಿನ ಕೆಲಸ ನಮ್ಮ ಏರಿಯಾದ ಮೆಕ್ಯಾನಿಕ್ ಮತ್ತು ನಾನು.

ಬಿಡಿ ಫ್ರೇಮ್ ಬದಲು ಅಂಗಡಿಯಿಂದ ಪೂರ್ತಿ ಸೈಕಲ್ ತಗೊಂಡು, ಫೋರ್ಕ್, ಗೇರ್ ಬಿಚ್ಚಿ ಬೇರೆ ಹಾಕುವುದು ನನ್ನ ಲೆಕ್ಕ. ಹಾಗಾಗಿ ಸೈಕಲ್ ಹುಡುಕುವಾಗ ನಾನು ಗೇರ್ ಕಡೆ ಕಣ್ಣೇ ಹಾಕಲಿಲ್ಲ. ಗೇರ್ ಹೇಗೂ ಬಿಚ್ಚುವುದೇ. ನೋಡಿದ್ದು ನಾಲ್ಕೇ ವಿಷಯ. ಹೆಡ್‌ಟ್ಯೂಬ್ (ಫೋರ್ಕ್ ಹಾದುಹೋಗುವ ಫ್ರೇಮಿನ ಮುಂದಿನ ಕೊಳವೆ) ಕೆಳಗೆ ದಪ್ಪ ಇರಬೇಕು, ಅಂದರೆ ಟೇಪರ್ಡ್. ಬಿಬಿ (ಪೆಡಲ್ ಕ್ರ್ಯಾಂಕ್ ತಿರುಗುವ ಬೇರಿಂಗ್ ಕೂರುವ ಜಾಗ) 73 ಎಂಎಂ ಥ್ರೆಡ್‌ನದು. ಹಿಂದಿನ ಹಬ್‌ನಲ್ಲಿ ಫ್ರೀಹಬ್, ಅಂದರೆ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗುಚ್ಛ) ಜಾರಿಸಿ ಕೂರಿಸುವಂಥದ್ದು. ಹ್ಯಾಂಗರ್ ಆ ಅಂಗಡಿಯಲ್ಲೇ ಸಿಗಬೇಕು. ಅಂಗಡಿಯವರಿಗೆ ಈ ಪ್ರಶ್ನೆಗಳು ಕಿರಿಕಿರಿ. "ಸರ್, ಕಲರ್ ಹೇಳಿ, ಬಜೆಟ್ ಹೇಳಿ" ಅಂತಾರೆ. ನಾನು ಸೈಕಲ್ ತಲೆಕೆಳಗು ಮಾಡಿ ಕ್ಯಾಲಿಪರ್ ಹಿಡಿದು ಅಳೆದೆ. ಏಳೆಂಟು ಅಂಗಡಿ ಸುತ್ತಿದ ಮೇಲೆ ಸಿಕ್ಕಿತು. ಹಿಂದಿನ ವರ್ಷದ ಮಾಡೆಲ್, 29 ಇಂಚು, ಮೀಡಿಯಂ ಸೈಜ್. ಮೂರು ಇಂಟು ಎಂಟು ಗೇರ್, ಕಾಯಿಲ್ (ಸ್ಪ್ರಿಂಗ್) ಫೋರ್ಕ್, ಟೆಕ್ಟ್ರೋ ಹೈಡ್ರಾಲಿಕ್ ಬ್ರೇಕ್. ಧೂಳು ಹಿಡಿದು ಗೋಡೆ ಮೇಲೆ ನೇತಾಡುತ್ತಿತ್ತು. ಎಂಆರ್‌ಪಿ 43 ಸಾವಿರದ ಆಸುಪಾಸು. ನಾನು ಕೊಟ್ಟಿದ್ದು 31. ಚೌಕಾಸಿ ಯಾವ ದಿನ, ಯಾವ ಹೊತ್ತಲ್ಲಿ, ಯಾರ ಹತ್ತಿರ ಮಾಡಬೇಕು ಅನ್ನುವುದನ್ನು ಮಾತ್ರ ಕೇಳಬೇಡಿ. ಆ ಅಂಗಡಿಗೆ ನಾನಿನ್ನೂ ಹೋಗಬೇಕು.

ಒಂದು ಮಾತು ಹೇಳಿಬಿಡುತ್ತೇನೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಅದರ ಪಾರ್ಟ್ಸ್ ಮೇಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟ್‌ಗೆ ಇಳಿದಿದೆ. ನಾನು ಕಟ್ಟಿದ್ದು ಅದಕ್ಕೂ ಮೊದಲು. ಈಗ ಹಳೆ ಸ್ಟಾಕ್ ತಗೊಳ್ಳುವಾಗ ಅಂಗಡಿಯವರು ಹಳೆ ಎಂಆರ್‌ಪಿ ಸ್ಟಿಕ್ಕರ್ ಮೇಲೆ ಡಿಸ್ಕೌಂಟ್ ಕೊಟ್ಟೆವು ಅಂದರೆ ಒಪ್ಪಿಕೊಳ್ಳಬೇಡಿ. ಟ್ಯಾಕ್ಸ್ ಕಮ್ಮಿಯಾದದ್ದು ಮೊದಲು ಕಳೆಯಲಿ, ಆಮೇಲೆ ಡಿಸ್ಕೌಂಟ್ ಮಾತು.

ಫೋರ್ಕ್ ವಿಷಯ ಬಹಳ ಸತಾಯಿಸಿತು. ನನ್ನ ಮುಂದಿನ ಚಕ್ರ 100 ಎಂಎಂ ಹಬ್, ಕ್ವಿಕ್ ರಿಲೀಸ್ (ಲಿವರ್ ಎಳೆದು ಬಿಚ್ಚುವ ತೆಳು ಆಕ್ಸಲ್). ಈಗ ಬರುವ ಒಳ್ಳೆ ಏರ್ ಫೋರ್ಕ್‌ಗಳಲ್ಲಿ ಹೆಚ್ಚಿನವು ಬೂಸ್ಟ್, ಅಂದರೆ 15 ಇಂಟು 110 ಥ್ರೂ ಆಕ್ಸಲ್ (15 ಎಂಎಂ ದಪ್ಪದ ಆಕ್ಸಲ್, 110 ಎಂಎಂ ಹಬ್). ನನ್ನ ಚಕ್ರ ಅದಕ್ಕೆ ಕೂರಲ್ಲ. ಸೇಲ್‌ನಲ್ಲಿ 19 ಸಾವಿರಕ್ಕೆ ಒಂದು ಸಿಕ್ಕಿತು. ಕ್ವಿಕ್ ರಿಲೀಸ್, ಟೇಪರ್ಡ್ ಅಂತ ಸ್ಪಷ್ಟವಾಗಿ ಬರೆದಿದ್ದರು. ಬಂದಿದ್ದು ಬೂಸ್ಟ್. ವಾಪಸ್ ಕಳಿಸಿದೆ. ಎರಡನೇ ಸಲ ಕ್ವಿಕ್ ರಿಲೀಸ್ ಬಂತು, ಆದರೆ ಸ್ಟೀರರ್ (ಹೆಡ್‌ಟ್ಯೂಬ್ ಒಳಗೆ ಹೋಗುವ ಫೋರ್ಕಿನ ಮೇಲಿನ ಕೊಳವೆ) ನೇರದ್ದು, ಟೇಪರ್ಡ್ ಅಲ್ಲ. ಅದೂ ವಾಪಸ್. ಮೂರನೇ ಸಲ ಆರ್ಡರ್ ಮಾಡುವ ಮುಂಚೆ ಮಾರುವವರಿಗೆ ಫೋನ್ ಮಾಡಿ, ಗೋಡೌನ್‌ನಲ್ಲಿರುವ ಅದೇ ಫೋರ್ಕ್ ಪಕ್ಕ ಸ್ಕೇಲ್ ಇಟ್ಟು ಫೋಟೋ ತರಿಸಿಕೊಂಡೆ. ಕೆಳಗಿನ ಕಾಲು, ಸ್ಟೀರರ್ ಬುಡ, ಎರಡೂ ಫೋಟೋದಲ್ಲಿ ಕಾಣಬೇಕು ಅಂದೆ. ಆಗ ಸರಿಯಾದದ್ದು ಬಂತು. ವಾಪಸ್ ಕಳಿಸುವ ಓಡಾಟದಲ್ಲಿ ಒಂದೂವರೆ ತಿಂಗಳು ಹೋಯಿತು. ದುಡ್ಡು ಮಾತ್ರ ಒಂದು ಪೈಸೆ ಹೋಗಲಿಲ್ಲ. ಡಬ್ಬ ಬಿಚ್ಚುವುದನ್ನು ಪ್ರತಿ ಸಲ ವಿಡಿಯೋ ಮಾಡಿಟ್ಟಿದ್ದೆ.

ಇನ್ನು ಕ್ರೌನ್ ರೇಸ್, ಅಂದರೆ ಸ್ಟೀರರ್ ಬುಡದಲ್ಲಿ ಹೆಡ್‌ಸೆಟ್‌ನ ಕೆಳಗಿನ ಬೇರಿಂಗ್ ಕೂರುವ ಬಳೆ. ಈ ಬೆಲೆಯ ಸೈಕಲ್‌ಗಳಲ್ಲಿ ಫ್ರೇಮ್ ಟೇಪರ್ಡ್, ಫೋರ್ಕ್ ಮಾತ್ರ ನೇರ ಸ್ಟೀರರ್‌ದು ಕೊಡುವುದು ಮಾಮೂಲು. ನಡುವೆ ಒಂದು ಅಗಲದ ರಿಡ್ಯೂಸರ್ ರೇಸ್ ಹಾಕಿರುತ್ತಾರೆ. ಟೇಪರ್ಡ್ ಫೋರ್ಕ್ ಹಾಕಬೇಕಾದರೆ ಆ ರೇಸ್ ಬರಲ್ಲ, ಒಳ ವ್ಯಾಸ ದೊಡ್ಡದಿರುವುದು ಬೇಕು. ಊರೆಲ್ಲ ಕೇಳಿದೆ. ಒಬ್ಬರು ಪೂರ್ತಿ ಹೆಡ್‌ಸೆಟ್ ತಗೊಳ್ಳಿ, ನಾಲ್ಕು ಸಾವಿರ ಅಂದರು. ಇನ್ನೊಬ್ಬರು "ಸರ್, ಈ ಫ್ರೇಮಿಗೆ ಈ ಫೋರ್ಕ್ ಕೂರೋದೇ ಇಲ್ಲ, ಬಿಟ್ಟುಬಿಡಿ" ಅಂದರು. ಗ್ಯಾಂಗಿನವರು ಹೇಳಿದ್ದೇ ಸರಿಯಾಯ್ತು ಅಂತ ಎಲ್ಲರಿಗೂ ಅನ್ನಿಸಿದ್ದು ಆಗಲೇ.

ನಾನು ಹಳೆ ರೇಸ್ ಮತ್ತು ಕೆಳಗಿನ ಬೇರಿಂಗ್ ಎರಡನ್ನೂ ಜೇಬಿಗೆ ಹಾಕಿಕೊಂಡು ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಹೋದೆ. ಲೇತ್ ಮೇಲಿದ್ದವರಿಗೆ ಎರಡನ್ನೂ ಕೊಟ್ಟು, "ಅಣ್ಣ, ಹೊರಗಿನ ಇಳಿಜಾರು ಇದರ ಥರಾನೇ ಇರಲಿ, ಒಳಗಿನ ತೂತು ಮಾತ್ರ ಈ ಫೋರ್ಕಿನ ಅಳತೆಗೆ" ಅಂದೆ. ಫೋರ್ಕ್‌ನ ಸೀಟು 39.8 ಎಂಎಂ. ಅವರು ಬೇರಿಂಗ್‌ನ ಒಳ ಅಂಚಿನ ಮೇಲೆ ಬೆರಳು ಆಡಿಸಿ ನೋಡಿದರು. "45 ಡಿಗ್ರಿ" ಅಂದರು. ಗೇಜ್ ಹಾಕಿ ನೋಡಿದರೆ 45 ಡಿಗ್ರಿಯೇ. ಅಲ್ಯೂಮಿನಿಯಂ ರಾಡ್ ಚಕ್‌ಗೆ ಕಟ್ಟಿ, ಚೂರು ಚೂರೇ ತೆಗೆದು, ಮೂರು ಸಲ ಫೋರ್ಕ್‌ಗೆ ಹಿಡಿದು ನೋಡಿ ಮುಗಿಸಿದರು. ಬಿಸಿ ಬಿಸಿ ರೇಸ್ ಕೈಗೆ ಕೊಟ್ಟು ಸುಮಾರು 600 ರೂಪಾಯಿ ತಗೊಂಡರು. ತೂತು 39.8ಕ್ಕಿಂತ ಎಷ್ಟು ಬಿಗಿ ಇಡಿಸಿದೆ ಅನ್ನುವುದು ನನ್ನ ಹತ್ತಿರವೇ ಇರಲಿ. ಅದರ ಮೇಲೆಯೇ ಎಲ್ಲ ನಿಂತಿದೆ. ಬಿಗಿ ಕಮ್ಮಿಯಾದರೆ ಕಟ್ ಕಟ್ ಶಬ್ದ ಬರುತ್ತದೆ, ಜಾಸ್ತಿಯಾದರೆ ರೇಸ್ ಬಿರುಕು ಬಿಡುತ್ತದೆ.

ಕೂರಿಸಲು ವಿಶೇಷ ಟೂಲ್ ಏನೂ ತಗೊಳ್ಳಲಿಲ್ಲ. ಪ್ಲಂಬಿಂಗ್ ಅಂಗಡಿಯ ದಪ್ಪ ಪಿವಿಸಿ ಪೈಪ್ ತುಂಡು, ರಬ್ಬರ್ ಸುತ್ತಿಗೆ. ಸ್ವಲ್ಪ ಸಡಿಲವಾಗಿದ್ದ ಹೆಡ್‌ಸೆಟ್ ಕಪ್ ಮತ್ತೆ ಒತ್ತಲು ಎಸ್‌ಜೆಪಿ ರೋಡಿನಿಂದ ಥ್ರೆಡ್ ರಾಡ್, ಎರಡು ನಟ್, ದೊಡ್ಡ ವಾಷರ್‌ಗಳು. ಎಲ್ಲ ಸೇರಿ 250 ರೂಪಾಯಿ ಇರಬಹುದು. ಸ್ಟೀರರ್ ಕತ್ತರಿಸುವಾಗ ಐದು ಎಂಎಂ ಉದ್ದವೇ ಬಿಟ್ಟೆ, ಮೇಲೊಂದು ಸ್ಪೇಸರ್ ಹಾಕಿದೆ. ಮುಂದೆ ಮಾರುವಾಗ ಉದ್ದ ಇದ್ದರೆ ಬೆಲೆ ಬರುತ್ತದೆ ಅಲ್ವಾ.

ಗೇರ್ ಕೆಲಸ ಇದರ ಮುಂದೆ ಏನೂ ಅಲ್ಲ. ಡಿಯೋರ್ ಹತ್ತು ಸ್ಪೀಡ್, 11-46 ಕ್ಯಾಸೆಟ್, ಕ್ಲಚ್ ಇರುವ ಡಿರೇಲರ್, ಮುಂದೆ 32 ಹಲ್ಲಿನ ಒಂದೇ ರಿಂಗ್. ಎಂಟು ಸ್ಪೀಡ್‌ನ ಎಚ್‌ಜಿ (ಶಿಮಾನೋದ ಹಳೆ ಮಾದರಿ) ಫ್ರೀಹಬ್ ಮೇಲೆ ಹತ್ತು ಸ್ಪೀಡ್ ಕ್ಯಾಸೆಟ್ ನೇರವಾಗಿ ಕೂರುತ್ತದೆ, ಚಕ್ರ ಬದಲಾಯಿಸುವ ಖರ್ಚಿಲ್ಲ. ಎಲ್ಲರೂ ಹನ್ನೆರಡು ಸ್ಪೀಡ್ ಹಾಕು ಅಂದರು. ಶಿಮಾನೋ ಹನ್ನೆರಡು ಸ್ಪೀಡ್ ಡಿಯೋರ್ ಕ್ಯಾಸೆಟ್‌ಗೆ ಮೈಕ್ರೋಸ್ಪ್ಲೈನ್ ಅನ್ನುವ ಬೇರೆ ಮಾದರಿಯ ಫ್ರೀಹಬ್ ಬೇಕು, ಅಂದರೆ ಹೊಸ ಹಬ್, ಹೊಸ ಕಡ್ಡಿ, ಹೊಸ ಕೂಲಿ. ನಂದಿ ಬೆಟ್ಟ ಹತ್ತಲು ನನಗೆ 46 ಹಲ್ಲು ಸಾಕು. ಕೊನೆಯ ತಿರುವುಗಳಲ್ಲಿ ಕೂಡ ಕೂತೇ ತುಳಿಯುತ್ತೇನೆ.

ಚೈನ್ ಮತ್ತು ಕ್ಯಾಸೆಟ್ ಮಾತ್ರ ಕಮ್ಮಿ ಬೆಲೆಗೆ ಸಿಕ್ಕಿತು ಅಂತ ಯಾರದ್ದೋ ಹತ್ತಿರ ತಗೊಳ್ಳಬೇಡಿ. ಡುಪ್ಲಿಕೇಟ್ ಬರುತ್ತವೆ. ನನಗೆ ಮೊದಲು ಬಂದ ಚೈನ್ ಡಬ್ಬ ನೋಡಲು ಅಸಲಿ ಥರಾನೇ ಇತ್ತು. ಪ್ಲೇಟ್ ಮೇಲಿನ ಅಕ್ಷರ ಒಂದು ಕೊಂಡಿಯಲ್ಲಿ ಆಳ, ಇನ್ನೊಂದರಲ್ಲಿ ಮಸುಕು. ಅಡುಗೆಮನೆ ತಕ್ಕಡಿಯಲ್ಲಿ ಇಟ್ಟರೆ ಕಂಪನಿ ಹೇಳಿದ ತೂಕಕ್ಕೂ ಇದಕ್ಕೂ ತಾಳೆ ಇಲ್ಲ. ಅವತ್ತೇ ವಾಪಸ್.

ಮಧ್ಯೆ ಬೇರೆ ಪ್ರಯೋಗಗಳೂ ನಡೆದವು. ಟ್ಯೂಬ್‌ಲೆಸ್ ಮಾಡಲು ಹೊರಟೆ. ರಿಮ್ ಟ್ಯೂಬ್‌ಲೆಸ್‌ಗೆ ಮಾಡಿದ್ದಲ್ಲ, ವಾಲ್ವ್ ತೂತು ದಪ್ಪ ಶ್ರೇಡರ್ (ಸ್ಕೂಟರ್, ಕಾರಿನ ಥರದ ವಾಲ್ವ್) ಅಳತೆಯದು. ತೆಳು ಪ್ರೆಸ್ಟಾ ವಾಲ್ವ್ ಹಾಕಿದರೆ ಸುತ್ತಲೂ ಗಾಳಿ ಸೋರುತ್ತಿತ್ತು. ಹಳೆ ಟ್ಯೂಬಿನಿಂದ ವಾಲ್ವ್ ಸುತ್ತಲಿನ ದಪ್ಪ ರಬ್ಬರ್ ಕತ್ತರಿಸಿ ವಾಷರ್ ಮಾಡಿ ಹಾಕಿದೆ, ನಿಂತಿತು. ನೆಲದ ಪಂಪಿನಲ್ಲಿ ಟೈರ್ ಕೂರಲೇ ಇಲ್ಲ. ಐವತ್ತು ರೂಪಾಯಿಯ ಅಡಾಪ್ಟರ್ ಇಟ್ಟುಕೊಂಡು, ಪಿನ್ ಬಿಚ್ಚಿ, ಪೆಟ್ರೋಲ್ ಬಂಕ್‌ನಲ್ಲಿ ಗಾಳಿ ಹೊಡೆಸಿದೆ. ಪಟ್ ಪಟ್ ಅಂತ ಕೂತಿತು. ಸ್ಕೂಟರ್ ಟೈರ್‌ಗೆ ಹಾಕುವ ದಪ್ಪ ಸೀಲಂಟ್ ಕೂಡ ಪ್ರಯತ್ನ ಮಾಡಿದೆ. ಅದು ವಾಲ್ವ್ ಕಟ್ಟಿಸಿತು, ಮುಳ್ಳಿನ ಸಣ್ಣ ತೂತು ಮುಚ್ಚಲಿಲ್ಲ. ಲೇಟೆಕ್ಸ್ ಸೀಲಂಟೇ ಸರಿ, ಬೇಸಿಗೆಯಲ್ಲಿ ಎರಡು ಮೂರು ತಿಂಗಳಿಗೆ ಒಣಗುತ್ತದೆ ಅಷ್ಟೇ. ಹಿಂದಿನ ಚಕ್ರ ಮಾತ್ರ ತುರಹಳ್ಳಿಯ ಬಂಡೆಗಳ ಮೇಲೆ ಒತ್ತಡ ಕಮ್ಮಿ ಇಟ್ಟಾಗ ಪಕ್ಕಕ್ಕೆ ಗಾಳಿ ಬಿಡುತ್ತಿತ್ತು. ಈಗ ಮುಂದೆ ಟ್ಯೂಬ್‌ಲೆಸ್, 22 ಪಿಎಸ್‌ಐ ಆಸುಪಾಸು. ಹಿಂದೆ ಟ್ಯೂಬು, 32. ಈ ಜೋಡಿ ನನಗೆ ಬಹಳ ಹಿಡಿಸಿದೆ.

ಚೈನ್‌ಗೆ ಮೇಣ ಹಾಕುವುದೂ ನೋಡಿದೆ. ಪ್ಯಾರಾಫಿನ್ ಕರಗಿಸಿ ಅದ್ದಿದರೆ ಒಣ ಧೂಳಿನಲ್ಲಿ ಚೈನ್ ಕನ್ನಡಿ ಹಾಗೆ ಇರುತ್ತದೆ. ಕೆಮ್ಮಣ್ಣಿನ ಕೆಸರಿಗೆ ಬಿದ್ದರೆ ಒಂದೇ ರೈಡಿನಲ್ಲಿ ಕಿರಗುಟ್ಟುತ್ತದೆ. ಜನವರಿಯಿಂದ ಏಪ್ರಿಲ್‌ವರೆಗೆ ಮೇಣ, ಮಳೆ ಶುರುವಾದರೆ ಎಣ್ಣೆ.

ಲೆಕ್ಕ ನೆನಪಿದ್ದಷ್ಟು ಹೇಳುತ್ತೇನೆ. ಸೈಕಲ್ 31 ಸಾವಿರ. ಫೋರ್ಕ್ 19. ಕ್ರ್ಯಾಂಕ್, ಬಿಬಿ ಸೇರಿ ಗೇರ್ ಎಲ್ಲ 18 ಚಿಲ್ಲರೆ. ಎರಡು ಟೈರ್ 5. ಟೇಪ್, ಸೀಲಂಟ್, ಕೇಬಲ್, ಲೇತ್, ಮೆಕ್ಯಾನಿಕ್ ಕೂಲಿ ಒಟ್ಟು 4ರ ಹತ್ತಿರ. ಬಿಚ್ಚಿದ ಹಳೆ ಫೋರ್ಕ್, ಗೇರ್, ಟೈರ್ ಮಾರಿದ್ದರಲ್ಲಿ 7 ಸಾವಿರ ವಾಪಸ್ ಬಂತು. ಈ ಏಳು ಸಾವಿರವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಒಂದೇ ಒಂದು ರೈಡ್ ಮಾಡುವ ಮುಂಚೆ ಬಿಚ್ಚಿ ಮಾರಿದರೆ ಹೊಸದರ ಬೆಲೆ ಬರುತ್ತದೆ. ತೂಕ 15 ಕೆಜಿ ಇದ್ದದ್ದು 13 ಚಿಲ್ಲರೆಗೆ ಇಳಿಯಿತು.

ಅಂಗಡಿಯಿಂದ ತಗೊಂಡದ್ದರ ಬೆಲೆ ಗೊತ್ತಾಗಿದ್ದು ಆಮೇಲೆ. ರಾಮನಗರದ ಹತ್ತಿರ ಒಂದು ಕೊಂಬೆ ಸಿಕ್ಕಿ ಹ್ಯಾಂಗರ್ ಮುರಿಯಿತು. ಬಿಲ್ಲು ತೋರಿಸಿದೆ, ಮಾರನೇ ದಿನವೇ 400 ರೂಪಾಯಿಗೆ ಸರಿಯಾದ ಹ್ಯಾಂಗರ್ ಕೈಗೆ ಬಂತು. ಎರಡು ತಗೊಂಡೆ, ಒಂದು ಸದಾ ಬ್ಯಾಗಿನಲ್ಲಿ ಇರುತ್ತದೆ. ಡಿರೇಲರ್ ಎಷ್ಟೇ ಒಳ್ಳೆಯದಿದ್ದರೂ ಹ್ಯಾಂಗರ್ ಸಿಗದ ಫ್ರೇಮ್ ನನಗೆ ಬೇಡ. ಅಂಗಡಿಯವರಿಗೂ ನನ್ನ ಮೇಲೆ ಸಿಟ್ಟಿಲ್ಲ. ಟ್ಯೂಬು, ಬ್ರೇಕ್ ಪ್ಯಾಡ್, ಮಿನರಲ್ ಆಯಿಲ್ ಎಲ್ಲ ಅಲ್ಲೇ ತಗೊಳ್ಳುತ್ತೇನೆ, ಹತ್ತಿಪ್ಪತ್ತು ರೂಪಾಯಿ ಜಾಸ್ತಿಯಾದರೂ ಪರವಾಗಿಲ್ಲ.

ಡಬಲ್ ಖರ್ಚು ಅಂದಿದ್ದ ಗೆಳೆಯ ಈಗ ತನಗೂ ಒಂದು ಕಟ್ಟಿಕೊಡು ಅಂತ ಹಿಂದೆ ಬಿದ್ದಿದ್ದಾನೆ. ಅವನು ಇಷ್ಟಪಟ್ಟ ಸೈಕಲ್‌ನ ಫೋಟೋ ಕಳಿಸಿದ್ದ, ಹೆಡ್‌ಟ್ಯೂಬ್ ಮೇಲೆ ಕೆಳಗೆ ಒಂದೇ ದಪ್ಪ. ಬೇಡ ಅಂದೆ. ಮುಂದಿನ ಶನಿವಾರ ಕ್ಯಾಲಿಪರ್ ಹಿಡಿದು ಅವನ ಜೊತೆ ಅಂಗಡಿಗಳಿಗೆ ಹೋಗುತ್ತಿದ್ದೇನೆ.