ಸಿಆರ್‌ಪಿ, ಇಎಸ್‌ಆರ್ ರಿಪೋರ್ಟ್ ಓದುವುದು ಹೇಗೆ?

ಸಿಆರ್‌ಪಿ, ಇಎಸ್‌ಆರ್ ಎರಡೂ ಮೈಯಲ್ಲಿ ಉರಿಯೂತ, ಅಂದರೆ ಸೋಂಕು, ಗಾಯ ಮುಂತಾದವಕ್ಕೆ ಮೈ ತೋರುವ ಪ್ರತಿಕ್ರಿಯೆ, ಇದೆಯೇ ಎಂದು ನೋಡುವ ರಕ್ತಪರೀಕ್ಷೆಗಳು. ಸಿಆರ್‌ಪಿ ಎಂದರೆ ಸಿ-ರಿಯಾಕ್ಟಿವ್ ಪ್ರೋಟೀನ್. ಅದರ ರಿಪೋರ್ಟಿನಲ್ಲಿ ಅಂಕಿಗಿಂತ ಮೊದಲು ಅದರ ಪಕ್ಕದ ಅಳತೆ ನೋಡಿ. ಕೆಲವು ಲ್ಯಾಬ್‌ಗಳು ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಕೊಡುತ್ತವೆ, ಕೆಲವು ಡೆಸಿಲೀಟರಿಗೆ. ಡೆಸಿಲೀಟರಿಗೆ 1.2 ಎಂದರೆ ಲೀಟರಿಗೆ 12. ಲ್ಯಾಬ್ ಬದಲಿಸಿದವರು 12 ಹೋಗಿ 1.2 ಬಂತೆಂದು ನಿರಾಳವಾಗುವುದುಂಟು. ಅಲ್ಲಿ ಇಳಿದದ್ದು ಏನೂ ಇಲ್ಲ.

ಮೈಯಲ್ಲಿ ಎಲ್ಲೇ ಉರಿಯೂತವಾದರೂ ಅದರ ಸುದ್ದಿ ರಕ್ತದ ಮೂಲಕ ಲಿವರ್ ಮುಟ್ಟುತ್ತದೆ, ಲಿವರ್ ಸಿಆರ್‌ಪಿ ತಯಾರಿಸತೊಡಗುತ್ತದೆ. ಆರೇಳು ಗಂಟೆಯಲ್ಲಿ ಏರತೊಡಗಿ ಸುಮಾರು 2 ದಿನಕ್ಕೆ ತುದಿ ಮುಟ್ಟುತ್ತದೆ. ಕಾರಣ ನಿಂತ ಮೇಲೆ ಸುಮಾರು 19 ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ಹಾಗಾಗಿ ಜ್ವರ ಬಂದ ಮೊದಲ ಕೆಲವೇ ಗಂಟೆಗಳಲ್ಲಿ ರಕ್ತ ಕೊಟ್ಟರೆ ನಾರ್ಮಲ್ ಬರಬಹುದು, ಅದನ್ನು ನಂಬಿ ಕೂರಬಾರದು. ಚಿಕಿತ್ಸೆ ಶುರುವಾಗಿ ಮೂರು ದಿನವಾದರೂ ಅಂಕಿ ಇಳಿಯದಿದ್ದರೆ ಡಾಕ್ಟರ್ ಮತ್ತೆ ಯೋಚಿಸಬೇಕಾಗುತ್ತದೆ. ಒಂದೇ ರಿಪೋರ್ಟಿಗಿಂತ ಎರಡರ ನಡುವಿನ ಏರಿಳಿತ ಹೆಚ್ಚು ಹೇಳುತ್ತದೆ.

ಇಎಸ್‌ಆರ್ ನಿಧಾನದ್ದು. ನೇರವಾಗಿ ನಿಲ್ಲಿಸಿದ ಕೊಳವೆಯಲ್ಲಿ ಕೆಂಪು ಕಣಗಳು 1 ಗಂಟೆಯಲ್ಲಿ ಎಷ್ಟು ಮಿಲಿಮೀಟರ್ ಕೆಳಗಿಳಿದವು ಎಂಬ ಲೆಕ್ಕ ಅದು. ಕೊಳವೆ ತುಸು ವಾಲಿದರೂ ಅಂಕಿ ಸುಳ್ಳೇ ಏರುತ್ತದೆ. ವಯಸ್ಸಿಗೆ ತಕ್ಕ ಮಿತಿಗೆ ಒಂದು ಸುಲಭ ಲೆಕ್ಕವಿದೆ: ಗಂಡಸರಿಗೆ ವಯಸ್ಸಿನ ಅರ್ಧ, ಹೆಂಗಸರಿಗೆ ವಯಸ್ಸಿಗೆ 10 ಸೇರಿಸಿ ಅರ್ಧ. 60ರ ಹೆಂಗಸಿಗೆ 35 ಬಂದರೆ ಗಾಬರಿ ಬೇಡ. ರಕ್ತಹೀನತೆ, ಗರ್ಭಾವಸ್ಥೆ ಎರಡರಲ್ಲೂ ಉರಿಯೂತವಿಲ್ಲದೆಯೇ ಇಎಸ್‌ಆರ್ ಏರುತ್ತದೆ. ಆದ್ದರಿಂದ ಪಕ್ಕದಲ್ಲಿ ಹಿಮೋಗ್ಲೋಬಿನ್ ಇಟ್ಟುಕೊಂಡೇ ಓದಬೇಕು. ಸಿಆರ್‌ಪಿ ಸರಿಯಿದ್ದು ಇಎಸ್‌ಆರ್ ಮಾತ್ರ ಹೆಚ್ಚಿದ್ದರೆ ಮೊದಲು ರಕ್ತಹೀನತೆ ಹುಡುಕಿ, ರೋಗನಿರೋಧಕ ಶಕ್ತಿ ಮೈಯ ಮೇಲೆಯೇ ತಿರುಗಿಬೀಳುವ ರೋಗವಾದ ಲೂಪಸ್‌ನಲ್ಲೂ ಹೀಗಾಗುತ್ತದೆ.

ಎಚ್‌ಎಸ್-ಸಿಆರ್‌ಪಿ ಅಳೆಯುವುದೂ ಅದೇ ಪ್ರೋಟೀನನ್ನು, ಆದರೆ ಸಣ್ಣ ಪ್ರಮಾಣವನ್ನೂ ಹಿಡಿಯುತ್ತದೆ. ಬಳಕೆ ಹೃದಯದ ಅಪಾಯ ಅಂದಾಜಿಸಲು. ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಅಪಾಯ ಕಡಿಮೆ, 1ರಿಂದ 3 ಮಧ್ಯಮ, 3 ದಾಟಿದರೆ ಹೆಚ್ಚು. ನೆಗಡಿ, ಜ್ವರ, ಹಲ್ಲುನೋವು ಇರುವಾಗ ಇದನ್ನು ಮಾಡಿಸಿದರೆ ದುಡ್ಡು ದಂಡ. 10 ದಾಟಿದರೆ ಸೋಂಕು ಅಥವಾ ಬೇರೆ ಉರಿಯೂತವಿದೆಯೇ ಎಂದು ನೋಡಬೇಕು. ಮೈ ಸರಿಯಾಗಿ ಎರಡು ವಾರವಾದ ಮೇಲೆ ಮತ್ತೆ ಮಾಡಿಸಿ. ಆಗಲೂ 3ರ ಮೇಲೇ ಇದ್ದರೆ ಹೊಟ್ಟೆಯ ಬೊಜ್ಜು, ಸಿಗರೇಟು, ವಸಡಿನ ರೋಗ ಇವುಗಳತ್ತ ಗಮನ ಹೋಗಲಿ. ಉರಿಯೂತ ಇಳಿಸುತ್ತದೆಂದು ಮಾರುವ ಅರಿಶಿನದ ಮಾತ್ರೆಯನ್ನು ಡಾಕ್ಟರಿಗೆ ಹೇಳದೆ ನುಂಗಬೇಡಿ; ಅದರಿಂದ ಲಿವರ್‌ಗೆ ಪೆಟ್ಟಾದದ್ದೂ ಇದೆ.

ಇನ್ನೊಂದು ಮೋಸ ಮೈಯಲ್ಲಿನ ಕಬ್ಬಿಣದ ದಾಸ್ತಾನು ಅಂದಾಜಿಸುವ ಪರೀಕ್ಷೆಯಾದ ಫೆರಿಟಿನ್‌ನದು. ಉರಿಯೂತವಿದ್ದಾಗ ಅದೂ ಏರುತ್ತದೆ, ಕಬ್ಬಿಣದ ಕೊರತೆ ಮರೆಯಾಗುತ್ತದೆ. ಸಿಆರ್‌ಪಿ ಹೆಚ್ಚಿರುವಾಗ ಫೆರಿಟಿನ್ ನಾರ್ಮಲ್ ಬಂತೆಂದು ಕಬ್ಬಿಣದ ಮಾತ್ರೆ ನಿಲ್ಲಿಸಬೇಡಿ. ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ (ರಕ್ತದಲ್ಲಿ ಕಬ್ಬಿಣ ಸಾಗಿಸುವ ಪ್ರೋಟೀನಿನಲ್ಲಿ ಎಷ್ಟು ಪಾಲು ಕಬ್ಬಿಣ ತುಂಬಿದೆ ಎಂಬ ಲೆಕ್ಕ) ಕೂಡ ನೋಡಬೇಕೇ ಎಂದು ಡಾಕ್ಟರನ್ನು ಕೇಳಿ.