ಫ್ರೆಂಚ್, ಇಟಾಲಿಯನ್ ವೈನ್ ಮತ್ತು ನಮ್ಮ ಮನೆಯ ಸಾರು

ರೆಡ್ ವೈನ್ ತಂದಿದ್ದೀರಾ? ಕುಡಿಯುವ ಮುಂಚೆ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಹೌದು, ರೆಡ್ ವೈನನ್ನೇ. ಅದನ್ನು ರೂಮ್ ಟೆಂಪರೇಚರ್‌ನಲ್ಲೇ ಕುಡಿಯಬೇಕು ಅಂತ ಎಲ್ಲರೂ ಹೇಳುತ್ತಾರೆ, ಆದರೆ ಆ ಮಾತು ಬಂದಿದ್ದು ಯುರೋಪಿನ ತಣ್ಣನೆಯ ಮನೆಗಳಿಂದ. ಅವರ ಲೆಕ್ಕದಲ್ಲಿ ಅದು 16ರಿಂದ 18 ಡಿಗ್ರಿ. ಬೆಂಗಳೂರಿನ ಏಪ್ರಿಲ್‌ನಲ್ಲಿ ನಮ್ಮ ಹಾಲ್ 30 ಡಿಗ್ರಿ ಮುಟ್ಟಿರುತ್ತದೆ. ಆ ಸೆಕೆಗೆ ಆಲ್ಕೋಹಾಲಿನ ಘಾಟು ಮೊದಲು ಮೂಗಿಗೆ ಹೊಡೆಯುತ್ತದೆ, ಹಣ್ಣಿನ ಪರಿಮಳ ಗೊತ್ತೇ ಆಗುವುದಿಲ್ಲ. ವೈಟ್ ವೈನಿಗೆ ಎರಡು ಮೂರು ಗಂಟೆ ಫ್ರಿಜ್ ಬೇಕು, ಆದರೆ ಗ್ಲಾಸಿಗೆ ಹಾಕುವ ಹತ್ತು ನಿಮಿಷ ಮುಂಚೆ ಹೊರಗೆ ತೆಗೆಯಿರಿ. ತೀರಾ ತಣ್ಣಗಿದ್ದರೂ ಪರಿಮಳ ಏಳುವುದಿಲ್ಲ.

ಇನ್ನು ರುಚಿ. ಅದನ್ನು ಹೇಳೋಕೆ ದೊಡ್ಡ ದೊಡ್ಡ ಇಂಗ್ಲಿಷ್ ಪದ ಕಲಿಯಬೇಕಾಗಿಲ್ಲ. ಎರಡು ಕನ್ನಡ ಪದ ಸಾಕು: ಒಗರು, ಹುಳಿ. ಒಂದು ಗುಟುಕು ಬಾಯಲ್ಲಿ ಐದಾರು ಸೆಕೆಂಡ್ ಹಾಗೇ ಇಟ್ಟುಕೊಂಡು ನುಂಗಿ. ನೇರಳೆ ಹಣ್ಣು ತಿಂದ ಹಾಗೆ ನಾಲಿಗೆ, ಒಸಡು ಒಣಗಿ ಹಿಡಿದುಕೊಂಡರೆ ಅದು ಒಗರು. ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರುವ ಟ್ಯಾನಿನ್ ಅಂತಾರಲ್ಲ, ಅದೇ ಇದು. ಕೆನ್ನೆಯ ಒಳಗೆ ನೀರೂರಿದರೆ ಹುಳಿ. ಇವೆರಡನ್ನು ಬೇರೆ ಬೇರೆಯಾಗಿ ಗುರುತಿಸೋಕೆ ಬಂದರೆ ಅರ್ಧ ಕೆಲಸ ಮುಗಿದ ಹಾಗೆ, ಯಾಕೆಂದರೆ ನಮ್ಮ ಊಟಕ್ಕೆ ಯಾವ ಬಾಟಲಿ ಹೊಂದುತ್ತದೆ ಅನ್ನುವುದು ಇದರ ಮೇಲೇ ನಿಂತಿದೆ.

ನನಗೆ ಇದು ಗೊತ್ತಾಗಿದ್ದು ಒಂದು ಬಾರೋಲೋ ಬಾಟಲಿಯಿಂದ. ತುಂಬಾ ದಿನ ಆಸೆಪಟ್ಟು ತಂದಿದ್ದೆ. ಇಟಲಿಯ ಪಿಯೆಮೊಂಟೆ ಪ್ರಾಂತ್ಯದ ವೈನ್, ನೆಬ್ಬಿಯೋಲೋ ದ್ರಾಕ್ಷಿಯದು. ಮಾರಾಟಕ್ಕೆ ಬರುವ ಮುಂಚೆ ಕನಿಷ್ಠ 38 ತಿಂಗಳು ಮಾಗಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ಅಂಥದ್ದನ್ನು ನಾಟಿಕೋಳಿ ಸಾರು, ಮುದ್ದೆ ಜೊತೆ ತೆಗೆದೆ. ಖಾರದ ಮುಂದೆ ಒಗರು ಕಹಿಯಾಯಿತು, ಆಲ್ಕೋಹಾಲಿಗೆ ಖಾರ ಇನ್ನೂ ಉರಿಯಿತು, ಸಾರೂ ಕೆಟ್ಟಿತು ವೈನೂ ಕೆಟ್ಟಿತು. ಮಾರನೆಯ ದಿನ ಉಳಿದಿದ್ದನ್ನು ಬರೀ ಚೀಸ್ ಜೊತೆ ಕುಡಿದೆ. ಗುಲಾಬಿಯ ಪರಿಮಳ, ಒಣಗಿದ ಹಣ್ಣಿನ ರುಚಿ, ನುಂಗಿದ ಮೇಲೂ ಬಹಳ ಹೊತ್ತು ಬಾಯಲ್ಲೇ ಇತ್ತು.

ಹಾಗಾಗಿ ಸಾರು, ಗೊಜ್ಜು ಇರುವ ದಿನ ಒಗರು ಕಡಿಮೆ, ಹುಳಿ ಜಾಸ್ತಿ ಇರುವ ವೈನ್ ಹುಡುಕಿ. ನನ್ನ ಮೊದಲ ಆಯ್ಕೆ ಬಾರ್ಬೆರಾ. ಅದೂ ಪಿಯೆಮೊಂಟೆಯದೇ, ಬಾರೋಲೋಗಿಂತ ಬೆಲೆ ಎಷ್ಟೋ ಕಡಿಮೆ, ಟೊಮೆಟೊ ಹುಣಸೆ ಎರಡರ ಮುಂದೂ ಸಪ್ಪೆಯಾಗುವುದಿಲ್ಲ. ಹುಳಿ ಅಡುಗೆ ತಿಂದು ಹುಳಿಯಿಲ್ಲದ ವೈನ್ ಕುಡಿದರೆ ನೀರು ಕುಡಿದ ಹಾಗಿರುತ್ತದೆ, ಒಂದು ಸಲ ಮಾಡಿ ನೋಡಿ. ಫ್ರಾನ್ಸ್‌ನಲ್ಲಿ ಇದೇ ಜಾಗಕ್ಕೆ ಬೋಜೊಲೆ ಇದೆ, ಗಮೇ ದ್ರಾಕ್ಷಿಯದು, ಅದನ್ನು ಇನ್ನೂ ಸ್ವಲ್ಪ ತಣ್ಣಗೆ ಮಾಡಬಹುದು. ದೊನ್ನೆ ಬಿರಿಯಾನಿಗೆ ಪುದೀನ, ಕೊತ್ತಂಬರಿಯ ಘಮ ಇರುತ್ತಲ್ಲ, ಅಲ್ಲಿ ರೆಡ್ ಬೇಡ, ಫ್ರಾನ್ಸಿನ ಅಲ್ಸಾಸ್‌ ಪ್ರಾಂತ್ಯದ ರೀಸ್ಲಿಂಗ್ ಅನ್ನುವ ಬಿಳಿ ವೈನ್ ತನ್ನಿ. ಮಳೆಯ ಸಂಜೆ ಬೋಂಡಾ ಕರಿದರೆ ಪ್ರೊಸೆಕ್ಕೋ, ಇಟಲಿಯ ಗುಳ್ಳೆಯೇಳುವ ವೈನ್: ಗುಳ್ಳೆ, ಹುಳಿ ಎರಡೂ ಸೇರಿ ಬಾಯಿಯ ಜಿಡ್ಡನ್ನು ತೊಳೆದುಬಿಡುತ್ತವೆ. ಹಿತಕಿದ ಅವರೆಬೇಳೆ ಸಾರಿಗೆ ಸೊವಾವೆ ಅನ್ನುವ ಬಿಳಿ ವೈನ್ ನನಗೆ ತುಂಬಾ ಇಷ್ಟ.

ಫ್ರೆಂಚ್ ಲೇಬಲ್ ನೋಡಿ ಹಿಂಜರಿಯುವವರು ಜಾಸ್ತಿ. ಅದರಲ್ಲಿ ಸಾಮಾನ್ಯವಾಗಿ ದ್ರಾಕ್ಷಿಯ ಹೆಸರಿರುವುದಿಲ್ಲ, ಊರಿನ ಹೆಸರಿರುತ್ತದೆ. ಆದರೆ ಇದು ನಮಗೆ ಹೊಸದಲ್ಲ ಅಲ್ವಾ? ಮಾರ್ಕೆಟ್‌ನಲ್ಲಿ "ಬ್ಯಾಡಗಿ ಕೊಡಿ" ಅಂದರೆ ಸಾಕು, ಬಣ್ಣ ಜಾಸ್ತಿ ಖಾರ ಕಡಿಮೆ ಅಂತ ಅಂಗಡಿಯವರಿಗೂ ಗೊತ್ತು, ನಮಗೂ ಗೊತ್ತು. ನಂಜನಗೂಡಿನ ರಸಬಾಳೆಯೂ ಹಾಗೇ. ಫ್ರಾನ್ಸ್ 1935ರಲ್ಲಿ, ಇಟಲಿ 1963ರಲ್ಲಿ ಇಂಥ ಊರ ಹೆಸರುಗಳಿಗೆ ಕಾನೂನು ಮಾಡಿ, ಯಾವ ಹೆಸರಿಗೆ ಯಾವ ದ್ರಾಕ್ಷಿ ಅಂತ ಗೊತ್ತುಮಾಡಿದವು. ಶಾಬ್ಲಿ ಅಂದರೆ ಶಾರ್ಡೊನೇ. ಬಿಳಿ ಸಾನ್ಸೆರ್ ಅಂದರೆ ಸೊವಿನ್ಯೋನ್ ಬ್ಲಾಂಕ್. ಬೋರ್ಡೋದಲ್ಲಿ ನದಿಯ ಎಡದಂಡೆಯ ರೆಡ್‌ಗೆ ಕ್ಯಾಬರ್ನೆ ಸೊವಿನ್ಯೋನ್ ಜಾಸ್ತಿ, ಬಲದಂಡೆಯದಕ್ಕೆ ಮೆರ್ಲೋ ಜಾಸ್ತಿ, ಹಾಗಾಗಿ ಬಲದಂಡೆಯದು ನಾಲಿಗೆಗೆ ಮೆತ್ತಗೆ. ಆದರೆ ಅಲ್ಸಾಸ್‌ನವರು ಸಾಮಾನ್ಯವಾಗಿ ದ್ರಾಕ್ಷಿಯ ಹೆಸರನ್ನೂ ಬರೆಯುತ್ತಾರೆ. ಇಟಲಿಯಲ್ಲಿ ಒಂದು ಕಡೆ ಹುಷಾರು: ಮೊಂಟೆಪುಲ್ಚಾನೋ ದಾಬ್ರುಟ್ಸೋ ಅನ್ನುವ ವೈನಿನಲ್ಲಿ ಮೊಂಟೆಪುಲ್ಚಾನೋ ಅಂದರೆ ದ್ರಾಕ್ಷಿ, ವಿನೋ ನೊಬಿಲೆ ದಿ ಮೊಂಟೆಪುಲ್ಚಾನೋ ಅನ್ನುವ ವೈನಿನಲ್ಲಿ ಅದು ಟಸ್ಕನಿಯ ಊರು, ದ್ರಾಕ್ಷಿ ಸಾಂಜೊವೇಸೆ. ಟಸ್ಕನಿಯದೇ ಇನ್ನೊಂದು ರೆಡ್, ಕಿಯಾಂಟಿ ಕ್ಲಾಸಿಕೋ ಹುಡುಕೋದು ಸುಲಭ, ಬಾಟಲಿಯ ಮೇಲೆ ಕಪ್ಪು ಹುಂಜ ಇರುತ್ತದೆ.

ಕೊಳ್ಳುವಾಗ ಹೆಸರಿಗಿಂತ ಮೊದಲು ಬಾಟಲಿ ಎಲ್ಲಿತ್ತು ಅಂತ ನೋಡಿ. ಒಂದು ಅಂಗಡಿಯಲ್ಲಿ ಗಾಜಿನ ಕಿಟಕಿಯ ಪಕ್ಕ ನಿಲ್ಲಿಸಿದ್ದ ಬೋರ್ಡೋವನ್ನು ಡಿಸ್ಕೌಂಟ್ ಇದೆ ಅಂತ ತಂದೆ, ಮನೆಗೆ ಬಂದು ನೋಡಿದರೆ ಕಾರ್ಕ್ ಉಬ್ಬಿತ್ತು, ವೈನ್ ಕಾಯಿಸಿದ ಜಾಮ್ ಹಾಗಿತ್ತು. ಬಿಸಿಲು, ಸೆಕೆ ಎಂಥ ವೈನನ್ನೂ ಕೊಲ್ಲುತ್ತವೆ. ಎಸಿ ಇರುವ, ಬಾಟಲಿ ಬೇಗ ಖಾಲಿಯಾಗುವ ಅಂಗಡಿಗೇ ಹೋಗಿ. ಮನೆಯಲ್ಲೂ ಫ್ರಿಜ್ ಮೇಲೆ, ಅಡುಗೆಮನೆಯಲ್ಲಿ ಇಡಬೇಡಿ, ಕತ್ತಲಿರುವ ಬೀರುವಿನ ಕೆಳಗಿನ ಅರೆಯಲ್ಲಿ ಮಲಗಿಸಿಡಿ. ತೆಗೆದಾಗ ಒದ್ದೆ ರಟ್ಟಿನ ವಾಸನೆ ಬಂದರೆ ಕಾರ್ಕಿನಿಂದ ಕೆಟ್ಟಿದೆ ಅಂತ ಅರ್ಥ, ಅದು ನಿಮ್ಮ ನಾಲಿಗೆಯ ತಪ್ಪಲ್ಲ.

ಸುಂಕ, ತೆರಿಗೆ ಸೇರಿ ಇಲ್ಲಿ ಈ ವೈನ್‌ಗಳು ದುಬಾರಿ. ಅದಕ್ಕೇ ಒಬ್ಬರೇ ಕೊಳ್ಳಬೇಡಿ. ನಾಲ್ಕೈದು ಜನ ದುಡ್ಡು ಹಾಕಿ ಒಂದು ಫ್ರೆಂಚ್, ಒಂದು ಇಟಾಲಿಯನ್ ತನ್ನಿ, ಎರಡನ್ನೂ ಅಕ್ಕಪಕ್ಕ ಇಟ್ಟು ಕುಡಿಯಿರಿ. 750 ಎಂಎಲ್ ಬಾಟಲಿಯಲ್ಲಿ ಐದು ಗ್ಲಾಸ್ ಬರುತ್ತದೆ. ಫ್ರೆಂಚ್ ವೈನ್‌ಗಳಲ್ಲಿ ಕಡಿಮೆ ಬೆಲೆಯ ಬರ್ಗಂಡಿಗಿಂತ ಅದೇ ದುಡ್ಡಿಗೆ ಕೋತ್ ದು ರೋನ್ ಒಳ್ಳೆಯದು ಸಿಗುತ್ತದೆ ಅನ್ನೋದು ನನ್ನ ಅನುಭವ. ಗ್ಲಾಸನ್ನು ಮೂರರಲ್ಲಿ ಒಂದು ಭಾಗ ಮಾತ್ರ ತುಂಬಿ, ಪರಿಮಳಕ್ಕೆ ಜಾಗ ಬೇಕು.

ಉಳಿದರೆ ಕಾರ್ಕ್ ಹಾಕಿ ಫ್ರಿಜ್ಜಿನಲ್ಲಿಡಿ, ರೆಡ್ ಎರಡು ಮೂರು ದಿನ ಚೆನ್ನಾಗೇ ಇರುತ್ತದೆ. ಪ್ರೊಸೆಕ್ಕೋ ಮಾತ್ರ ಅವತ್ತೇ ಮುಗಿಸಿ. ನನ್ನ ಬೀರುವಿನಲ್ಲಿ ಈಗ ಇನ್ನೊಂದು ಬಾರೋಲೋ ಮಲಗಿದೆ. ಡಿಸೆಂಬರ್‌ನ ಚಳಿಗೆ ತೆಗೆಯುತ್ತೇನೆ, ಅವತ್ತು ಮಟನ್‌ಗೆ ಬರೀ ಕಾಳುಮೆಣಸು, ಉಪ್ಪು, ತುಪ್ಪ.