ಚಳಿಗಾಲದಲ್ಲಿ ಹುಡುಗ್ರನ್ನ ಕ್ಯಾಂಪಿಗೆ ಕರ್ಕೊಂಡು ಹೋಗೋಕೆ ಜಾಗ ನೋಡೋದು ಹೇಗೆ

ಡಿಸೆಂಬರ್ ಬಂತು ಅಂದ್ರೆ ಬೆಂಗಳೂರಲ್ಲಿ ಯುವಕ ಸಂಘ, ಎನ್ನೆಸ್ಸೆಸ್, ಬಡಾವಣೆ ಹುಡುಗ್ರ ಗ್ರೂಪು, ಎಲ್ಲಾ ಕಡೆ ಕ್ಯಾಂಪಿನ ಮಾತು ಶುರು. ಯಾರೋ ಒಬ್ರು ಸನ್‌ರೈಸ್ ಫೋಟೋ ಹಾಕ್ತಾರೆ, ಮಿಕ್ಕವ್ರೆಲ್ಲ ಅಲ್ಲಿಗೇ ಹೋಗೋಣ ಅಂತಾರೆ, ಸಂಜೆಯೊಳಗೆ ಅಡ್ವಾನ್ಸೂ ಕೊಟ್ಟಾಗಿರತ್ತೆ. ದಯವಿಟ್ಟು ಹಾಗೆ ಮಾಡ್ಬೇಡಿ. ಬೆಳಗಿನ ಜಾವ ನಾಲ್ಕು ಗಂಟೆಗೆ ಆ ನೆಲದ ಮೇಲೆ ಮಲಗಿರೋ ಎಂಟನೇ ಕ್ಲಾಸಿನ ಹುಡುಗನಿಗೆ ಹೇಗಿರತ್ತೆ, ಅವನಿಗೆ ಹೊಟ್ಟೆನೋವು ಬಂದ್ರೆ ಎಲ್ಲಿಗೆ ಕರ್ಕೊಂಡು ಹೋಗ್ತೀವಿ, ಇದನ್ನ ಯೋಚಿಸಿ ಜಾಗ ಆರಿಸಿ. ವ್ಯೂ ಆಮೇಲೆ.

ಬೆಂಗಳೂರು ಚಳಿ ಏನ್ ಮಹಾ ಅನ್ನೋರು ತುಂಬಾ ಜನ. ಊರೊಳಗೆ ಜನವರಿ ರಾತ್ರಿ ಸುಮಾರು 15-16 ಡಿಗ್ರಿ ಇರತ್ತೆ ನಿಜ, ಆದ್ರೆ ಅದು ಹಗಲೆಲ್ಲ ಬಿಸಿಲು ಕುಡಿದ ಕಾಂಕ್ರೀಟಿನ ಮಧ್ಯದ ಲೆಕ್ಕ. 1884ರ ಜನವರಿ 13ಕ್ಕೆ ಇದೇ ಊರಲ್ಲಿ 7.8 ಡಿಗ್ರಿ ದಾಖಲಾಗಿದೆ. ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬಯಲಲ್ಲಿ ಮಲಗಿದ್ರೆ ಊರಿನ ಸ್ವೆಟರ್ ಸಾಲಲ್ಲ.

ಜಾಗದೊಳಗೆ ಟೆಂಟ್ ಹಾಕೋ ನೆಲ ಯಾವುದು ಅನ್ನೋದು ಇನ್ನೂ ಮುಖ್ಯ. ಮೋಡ ಇಲ್ಲದ ರಾತ್ರಿ ನೆಲ ಬೇಗ ತಣ್ಣಗಾಗತ್ತೆ, ಅದಕ್ಕೆ ತಾಗಿದ ಗಾಳಿನೂ ತಣ್ಣಗಾಗಿ ಭಾರ ಆಗಿ ನೀರಿನ ಹಾಗೆ ತಗ್ಗಿಗೆ ಹರಿದು ನಿಲ್ಲತ್ತೆ. ಹಾಗಾಗಿ ಕೆರೆ ಅಂಗಳ, ಹಳ್ಳದ ದಂಡೆ, ಎರಡು ಬೆಟ್ಟದ ನಡುವಿನ ತಗ್ಗು, ಫೋಟೋದಲ್ಲಿ ಚೆನ್ನಾಗಿ ಕಾಣೋ ಇವೆಲ್ಲ ರಾತ್ರಿ ಹೊತ್ತು ಅತಿ ಚಳಿಯ ಜಾಗಗಳು, ಇಬ್ಬನಿನೂ ಅಲ್ಲೇ ಜಾಸ್ತಿ, ಬೆಳಗ್ಗೆ ಟೆಂಟ್ ಒಳಗಿನಿಂದಲೂ ಒದ್ದೆ ಆಗಿರತ್ತೆ. ಬೆಟ್ಟದ ನೆತ್ತಿಗೆ ಹೋದ್ರೆ ಗಾಳಿ ಬಿಡಲ್ಲ. ಇವೆರಡರ ನಡುವೆ, ಕೆರೆಯಿಂದ ಸ್ವಲ್ಪ ಮೇಲಕ್ಕೆ ಬಂದು ಒಂದು ದಿಣ್ಣೆ ಮೇಲೋ ಇಳಿಜಾರಿನ ನಡುವಿನ ಮಟ್ಟಸ ಜಾಗದಲ್ಲೋ ಟೆಂಟ್ ಹಾಕಿ, ಅಷ್ಟು ಎತ್ತರ ಹೋದ್ರೇ ವ್ಯತ್ಯಾಸ ಮೈಗೆ ಗೊತ್ತಾಗತ್ತೆ. ಈ ತಿಂಗಳುಗಳಲ್ಲಿ ಗಾಳಿ ಹೆಚ್ಚಾಗಿ ಪೂರ್ವದ ಕಡೆಯಿಂದ ಬರತ್ತೆ, ಬಿಸಿಲು ಬರೋದೂ ಅದೇ ಕಡೆಯಿಂದ, ಆದ್ರಿಂದ ಪೂರ್ವಕ್ಕೆ ಆಳೆತ್ತರದ ಬೇಲಿ ಇದ್ದು ಅದರಾಚೆ ಬಯಲಿದ್ರೆ ಬಹಳ ಒಳ್ಳೇದು, ದೊಡ್ಡ ಬೆಟ್ಟವೇ ಅಡ್ಡ ಇದ್ರೆ ಸೂರ್ಯ ಆರೂ ಮುಕ್ಕಾಲಿಗೆ ಹುಟ್ಟಿದ್ರೂ ಹುಡುಗ್ರು ಎಂಟು ಗಂಟೆವರೆಗೂ ನಡುಗ್ತಾ ಕೂತಿರ್ತಾರೆ.

ಮರದ ಕೆಳಗೆ ಇಬ್ಬನಿ ಕಡಿಮೆ, ಆದ್ರೆ ತಲೆ ಎತ್ತಿ ಒಣಕೊಂಬೆ ಇದೆಯಾ ನೋಡಿ, ನೀಲಗಿರಿ ತೋಪಲ್ಲಂತೂ ಬೇಡವೇ ಬೇಡ. ಮಾಗಡಿ, ರಾಮನಗರ, ಶ್ರೀನಿವಾಸಪುರದ ಕಡೆ ಮಾವಿನ ತೋಪುಗಳನ್ನ ಬಾಡಿಗೆಗೆ ಕೊಡ್ತಾರೆ, ನೆರಳು ನೀರು ಎಲ್ಲಾ ಇರತ್ತೆ, ಆದ್ರೆ ಡಿಸೆಂಬರ್ ಕೊನೆ ಜನವರಿ ಅಂದ್ರೆ ಮಾವು ಹೂ ಬಿಡೋ ಕಾಲ, ಔಷಧಿ ಹೊಡಿತಾರೆ. ಯಾವಾಗ ಹೊಡೆದ್ರಿ, ಮತ್ತೆ ಯಾವಾಗ ಹೊಡಿತೀರಿ ಅಂತ ತೋಟದವರನ್ನ ಬಾಯಿಬಿಟ್ಟು ಕೇಳಿ. ಇದನ್ನ ಯಾರೂ ಕೇಳಲ್ಲ.

ಈಗ ಕಾಡಿನ ವಿಷಯ. ಸಾವನದುರ್ಗ, ಸ್ಕಂದಗಿರಿ, ಮಾಕಳಿದುರ್ಗ ಇವೆಲ್ಲ ಅರಣ್ಯ ಇಲಾಖೆ ಜಾಗ, ಟ್ರೆಕ್ಕಿಂಗ್‌ಗೆ ಬುಕ್ಕಿಂಗ್ ಸಿಕ್ತು ಅಂದ್ರೆ ರಾತ್ರಿ ಉಳಿಯೋಕೆ ಪರ್ಮಿಷನ್ ಸಿಕ್ತು ಅಂತ ಅಲ್ಲ. ಯಾರೋ ಏಜೆಂಟ್ ನಾವೆಲ್ಲ ನೋಡ್ಕೋತೀವಿ ಸರ್ ಅಂದ್ರೆ ಪರ್ಮಿಷನ್ ಕಾಗದ ತೋರ್ಸಿ ಅನ್ನಿ, ತೋರಿಸದಿದ್ರೆ ಬಿಟ್ಬಿಡಿ. ಬೇರೆಯವರ ಮಕ್ಕಳನ್ನ ಕಳ್ಳತನದಲ್ಲಿ ಕಾಡಿಗೆ ನುಗ್ಗಿಸೋ ಹಕ್ಕು ನಮಗಿಲ್ಲ. ರಾಮನಗರದ ಬೆಟ್ಟಗಳು, ದೇವರಾಯನದುರ್ಗ, ಈ ಕಡೆಯೆಲ್ಲ ಕರಡಿ ಚಿರತೆ ಇವೆ. ಕನಕಪುರ, ಆನೇಕಲ್ ಕಡೆ ಕಾಡಂಚಿನ ಹಳ್ಳಿಗಳಲ್ಲಿ ನವೆಂಬರ್ ಡಿಸೆಂಬರ್ ಅಂದ್ರೆ ರಾಗಿ ಕೊಯ್ದು ಮೆದೆ ಹಾಕೋ ಸಮಯ, ಬನ್ನೇರುಘಟ್ಟ ಕಾವೇರಿ ಕಾಡುಗಳ ಆನೆ ರಾಗಿಗೋಸ್ಕರ ಹೊಲಕ್ಕೆ ಇಳಿಯೋದೂ ಆವಾಗ್ಲೇ. ಪಕ್ಕದ ಹೊಲದಲ್ಲಿ ಮೆದೆ ಇದ್ರೆ, ರಾತ್ರಿ ಕಾವಲಿಗೆ ಜನ ಮಲಗ್ತಾರೆ ಅಂತ ಗೊತ್ತಾದ್ರೆ ಆ ಜಾಗ ಬೇಡ. ದೊಡ್ಡ ಬಂಡೆ ಇದ್ರೆ ಹೆಜ್ಜೇನು ಕಟ್ಟಿದೆಯಾ ನೋಡಿ, ಹೊಗೆ ಹೋದ್ರೆ ಏಳತ್ತೆ, ಅದರ ಹತ್ತಿರ ಕ್ಯಾಂಪ್‌ಫೈರ್ ಮಾತೇ ಎತ್ಬೇಡಿ.

ಮಲೆನಾಡಿಗೆ ಹೋಗೋಣ ಅನ್ನೋರಿಗೆ ಒಂದು ಮಾತು. ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡದಲ್ಲಿ ಚಳಿಗಾಲದಿಂದ ಬೇಸಿಗೆವರೆಗೂ ಮಂಗನ ಕಾಯಿಲೆ ಕಾಲ, 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮೊದಲು ಗೊತ್ತಾದ ಕಾಯಿಲೆ ಇದು, ಉಣುಗು (ರಕ್ತ ಹೀರೋ ಸಣ್ಣ ಹುಳ) ಕಚ್ಚಿ ಬರತ್ತೆ. ಒಣಎಲೆ ರಾಶಿ ಮೇಲೆ ಟೆಂಟ್ ಹಾಕೋ ಜಾಗ ಬೇಡ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ ಈ ವರ್ಷ ಕೇಸ್ ಇದೆಯಾ, ಮಂಗ ಸತ್ತಿರೋದು ಕಂಡಿದೆಯಾ ಅಂತ ಕೇಳಿ, ಇದ್ರೆ ಪ್ಲಾನ್ ಬದಲಿಸಿ. ಹೇಗಿದ್ರೂ ಮೊದಲ ಸಲ ಕ್ಯಾಂಪಿಗೆ ಬರೋ ಮಕ್ಕಳಿದ್ರೆ ಬೆಂಗಳೂರಿಂದ ಎರಡು ಎರಡೂವರೆ ಗಂಟೆಯೊಳಗಿನ ಜಾಗವೇ ಸಾಕು ಅಂತ ನನ್ನ ಅಭಿಪ್ರಾಯ, ಅಪ್ಪ ಅಮ್ಮ ರಾತ್ರಿ ಹೊರಟ್ರೂ ಬಂದು ಸೇರಬಹುದು.

ನೀರು ಅಂದ್ರೆ ಎರಡು ಲೆಕ್ಕ. ಕುಡಿಯೋಕೆ, ಅಡುಗೆಗೆ ಅಂತ ಒಬ್ಬೊಬ್ಬರಿಗೆ ದಿನಕ್ಕೆ 5 ಲೀಟರ್ ಆದ್ರೂ ಶುದ್ಧ ನೀರು ಇರ್ಬೇಕು, ಅದು ಬೇಕು. ಆಟಕ್ಕೆ ಇಳಿಯೋ ನೀರು ಬೇಡ. ಮಂಚನಬೆಲೆ, ಸಂಗಮ, ಮೇಕೆದಾಟು, ಮುತ್ತತ್ತಿ, ಈ ಕಡೆಯೆಲ್ಲ ಈಜೋಕೆ ಹೋಗಿ ಎಷ್ಟೋ ಹುಡುಗ್ರು ಜೀವ ಕಳ್ಕೊಂಡಿದ್ದಾರೆ, ಕೆಳಗೆ ಸುಳಿ ಗುಂಡಿ ಇರೋದು ಮೇಲಿಂದ ಕಾಣಲ್ಲ. ಟೆಂಟಿಂದ ನಡ್ಕೊಂಡು ಹೋಗಿ ನೀರಿಗಿಳಿಯೋ ಹಾಗಿದ್ರೆ ಹದಿನಾರು ವರ್ಷದವರನ್ನ ರಾತ್ರಿಯಿಡೀ ಕಾಯೋಕಾಗಲ್ಲ, ಹಾಗಾಗಿ ಜಾಗ ಆರಿಸೋವಾಗ್ಲೇ ದೂರ ಇಡಿ.

ಟಾಯ್ಲೆಟ್ ನೀವೇ ಹೋಗಿ ನೋಡಿ. ಬಾಗಿಲಿಗೆ ಚಿಲಕ, ಒಳಗೆ ಲೈಟು, ನಲ್ಲಿಯಲ್ಲಿ ನೀರು, ಹೆಣ್ಣುಮಕ್ಕಳಿಗೆ ಬೇರೆ, ಟೆಂಟಿಂದ ಅಲ್ಲಿಗೆ ಹೋಗೋ ದಾರಿಯಲ್ಲೂ ಬೆಳಕು. ಇದು ಸರಿ ಇಲ್ಲ ಅಂದ್ರೆ ಹುಡುಗೀರು ನೀರು ಕುಡಿಯೋದನ್ನೇ ಬಿಟ್ಬಿಡ್ತಾರೆ, ಯಾರಿಗೂ ಹೇಳೋದೂ ಇಲ್ಲ. ಜೊತೆಗೆ ಒಂದು ಗಟ್ಟಿ ಸೂರು ಬೇಕೇ ಬೇಕು, ಹಾಲ್ ಆಗ್ಲಿ ಶೆಡ್ ಆಗ್ಲಿ, ಯಾಕಂದ್ರೆ ಬಂಗಾಳಕೊಲ್ಲಿಯಲ್ಲಿ ಸೈಕ್ಲೋನ್ ಎದ್ರೆ ಡಿಸೆಂಬರಲ್ಲೂ ಎರಡು ದಿನ ಜಿಟಿಜಿಟಿ ಮಳೆ ಹಿಡಿಯತ್ತೆ. ಚಳಿ ಅಂತ ಕೆಂಡದ ಬಾಂಡ್ಲಿನ ಟೆಂಟ್ ಒಳಗೆ ಇಡೋ ಜನ ಇದ್ದಾರೆ, ವಿಷಗಾಳಿ ತುಂಬಿ ಮಲಗಿದಲ್ಲೇ ಉಸಿರು ನಿಲ್ಲತ್ತೆ, ಅಲ್ಲಿ ಕೆಲಸ ಮಾಡೋರಿಗೂ ಇದನ್ನ ಮೊದಲೇ ಹೇಳಿ.

ಅಡ್ವಾನ್ಸ್ ಕೊಡೋ ಮುಂಚೆ ಒಂದು ಸಲ ಹೋಗಿ, ಮಧ್ಯಾಹ್ನ ಅಲ್ಲ, ಸಂಜೆ ಐದಕ್ಕೆ ತಲುಪಿ ಎಂಟರವರೆಗೂ ಕೂತ್ಕೊಳ್ಳಿ. ಆರಕ್ಕೆಲ್ಲ ಸೂರ್ಯ ಮುಳುಗ್ತಾನೆ, ಆಮೇಲೆ ಲೈಟ್ ಎಷ್ಟಿದೆ, ಗಾಳಿ ಎಲ್ಲಿಂದ, ಪಕ್ಕದ ರೆಸಾರ್ಟಿನ ಡಿಜೆ ಎಷ್ಟು ಜೋರು, ಕುಡಿಯೋರು ಬಂದು ಕೂರೋ ಜಾಗನಾ, ಎಲ್ಲಾ ಗೊತ್ತಾಗತ್ತೆ. ಫೋನ್ ಸಿಗ್ನಲ್ ಒಂದಕ್ಕಿಂತ ಹೆಚ್ಚು ಸಿಮ್ಮಲ್ಲಿ ನೋಡಿ. 108 ಆಂಬುಲೆನ್ಸ್ ಟೆಂಟ್ ಹತ್ತಿರದವರೆಗೂ ಬರೋ ದಾರಿ ಇದೆಯಾ, ತಾಲೂಕು ಆಸ್ಪತ್ರೆ ಎಷ್ಟು ನಿಮಿಷ, ಅಲ್ಲಿ ಹಾವಿನ ಕಡಿತಕ್ಕೆ ಇಂಜೆಕ್ಷನ್ ಇದೆಯಾ, ವಾಪಸ್ ಬರೋವಾಗ ಆ ಆಸ್ಪತ್ರೆ ಮುಂದೆಯೇ ಹಾದು ಬನ್ನಿ. ತೋಟದ ಮಾಲೀಕ ರಾತ್ರಿ ಅಲ್ಲೇ ಇರ್ತಾರಾ, ಬೆಂಗಳೂರಿಗೆ ಹೋಗ್ತಾರಾ ಅದನ್ನೂ ಕೇಳಿ.

ತಾರೀಕು 31 ಬೇಡ, ರೇಟ್ ಜಾಸ್ತಿ, ರೋಡ್ ತುಂಬಾ ಕುಡಿದು ಓಡಿಸೋರು. ಜನವರಿ ಎರಡನೇ ಶನಿವಾರ ನೋಡಿ, ಸ್ಕೌಟ್ಸ್‌ನವರ ಮೈದಾನವೋ ಪರಿಚಯದವರ ತೋಟವೋ ಸುಲಭವಾಗಿ ಸಿಗತ್ತೆ. ಸಿಕ್ಕಿದ ಮೇಲೆ ಜಾಗದ ಲೊಕೇಷನ್, ಮಾಲೀಕರ ನಂಬರು, ಹತ್ತಿರದ ಪೊಲೀಸ್ ಸ್ಟೇಷನ್ ಮತ್ತೆ ಆಸ್ಪತ್ರೆ ಹೆಸರು ಒಂದು ಹಾಳೆಯಲ್ಲಿ ಬರೆದು ಪ್ರತಿ ಮಗುವಿನ ಮನೆಗೂ ಹೊರಡೋಕೆ ಒಂದು ವಾರ ಮುಂಚೆಯೇ ಕಳ್ಸಿ, ಅಲ್ಲಿ ಕಂಬಳಿ ಕೊಡ್ತಾರಾ ಇಲ್ಲಾ ಮನೆಯಿಂದ ತರಬೇಕಾ ಅನ್ನೋದನ್ನೂ ಅದರಲ್ಲೇ ಬರೆದುಬಿಡಿ.